ಹೊಡೆದು ಹಾಕಿದ ಸಾಲುಗಳು

ಜನವರಿ 9

ಮಗನೇ,

ಬಂದು ತಲುಪಿದ್ದನ್ನು ಫೋನಿನಲ್ಲಿ ಹೇಳಿಯಾಗಿದೆ. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಆಯ್ತು, ಇಡ್ಲಾ, ಇಡು ಅನ್ನೋದರಾಚೆ ಯಾವತ್ತೂ ಹೋದವರಲ್ಲ. ಅದಕ್ಕೇ ಕಾಗದ. ಹೇಗಿದ್ದರೂ ಇನ್ನು ಆರು ತಿಂಗಳು ಬರೆಯೋದೇ ನನ್ನ ಕೆಲಸವಂತೆ.

ಪ್ರಕಾಶನದವರ ಅತಿಥಿಗೃಹದಲ್ಲಿ ಎರಡನೇ ಮಹಡಿಯ ಕೋಣೆ ಕೊಟ್ಟಿದ್ದಾರೆ. ಒಂದು ಮೇಜು, ಬೆನ್ನು ನೋಯದಂಥ ಕುರ್ಚಿ, ಕಾರು ನಿಲ್ಲಿಸೋ ಅಂಗಳಕ್ಕೆ ತೆರೆಯೋ ಕಿಟಕಿ. ಚಾದರಕ್ಕೆ ಹಾಕಿದ ಸೋಪು ಪೂರ್ತಿ ಬಿಟ್ಟಿಲ್ಲ, ಮೂಗಿಗೆ ಹೊಡೆಯುತ್ತೆ. ಆದರೆ ಇಷ್ಟು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದ ಮೇಲೆ ಇನ್ನೊಬ್ಬರು ಒಗೆದ ಚಾದರದ ಮೇಲೆ ಮಲಗೋದೇ ಒಂದು ಸುಖ. ಬಾಯಿ ಮುಚ್ಚಿಕೊಂಡು ಮಲಗಿದೆ.

'ದುಡಿವ ದನಿ' ಅಂತ ಯೋಜನೆಯ ಹೆಸರು. ಕೂಲಿನಾಲಿ ಮಾಡೋ ಮನೆಗಳಿಂದ ಬಂದ ಬರಹಗಾರರಿಗೆ ಮಾತ್ರ. ಆರು ಜನ ಇದ್ದೀವಿ. ಎಲ್ಲರ ಮೇಜಿನ ಮೇಲೂ ಒಂದು ಕಾರ್ಡು. ಹೆಸರು ಸಣ್ಣಗೆ, ಕೆಳಗೆ ಕೆಲಸ ದಪ್ಪಕ್ಷರದಲ್ಲಿ. ಹಾಗಾಗಿ ಯಾರಿಗೂ ಯಾರ ಹೆಸರೂ ನೆನಪಿಲ್ಲ. ನನ್ನ ಪಕ್ಕದವನು ಪೇಂಟರ್. ನಾನು ಲಾಂಡ್ರಿ ಅಮ್ಮ.

ನನ್ನ ಹಡಗಿನ ಕಾದಂಬರಿ ಓದಿದಿರಾ ಅಂತ ಸಂಪಾದಕಿಯನ್ನ ಕೇಳಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮೆದು ಮಾತು. "ಶುರು ಮಾಡಿದ್ದೀನಿ ಅಮ್ಮಾ, ತುಂಬಾ ಚೆನ್ನಾಗಿದೆ. ಆದರೆ ಅರ್ಜಿ ಜೊತೆ ನಿಮ್ಮ ಬಗ್ಗೆ ಎರಡು ಪುಟ ಬರೆದಿದ್ದಿರಲ್ಲ, ಅದನ್ನ ಓದಿ ಇಡೀ ಆಫೀಸು ಮೂಕವಾಯಿತು" ಅಂದಳು. ಆ ಎರಡು ಪುಟ ನಾನು ಬಸ್ಸಿಗೆ ಕಾಯ್ತಾ ಗೀಚಿದ್ದು. ಕಾದಂಬರಿಗೆ ನಾಲ್ಕು ವರ್ಷ ಹಿಡಿದಿತ್ತು.

ಟೀಚರಮ್ಮನಿಗೆ, ಅದೇ ನಿನ್ನ ಹೆಂಡತಿಗೆ, ನನ್ನ ಆಶೀರ್ವಾದ. ಮನೆಯಲ್ಲಿ ಚಿಕ್ಕಮ್ಮ ಒಬ್ಬಳೇ ಇದ್ದಾಳೆ, ಆಗಾಗ ಫೋನ್ ಮಾಡು.

ಹುಷಾರು,
ಅಮ್ಮ

*

ಜನವರಿ 21

ಅಮ್ಮಾ,

ನಿನ್ನ ಕಾಗದವನ್ನ ಟೀಚರಮ್ಮ ಶಾಲೆಗೆ ಒಯ್ದು ಸ್ಟಾಫ್ ರೂಮಿನಲ್ಲಿ ಓದಿದಳಂತೆ. ಇನ್ನು ಮೇಲೆ ಮನೆ ವಿಷಯ ಬರೆಯುವಾಗ ಜೋಪಾನ.

ನಾನೂ ಕಮ್ಮಿಯೇನಿಲ್ಲ. ಬಲ್ಬು ಕೇಳೋಕೆ ಬಂದವರಿಗೂ ಹೇಳ್ತೀನಿ, ಸ್ವಿಚ್ಚು ಕೇಳೋಕೆ ಬಂದವರಿಗೂ ಹೇಳ್ತೀನಿ: ನಮ್ಮಮ್ಮನ ಪುಸ್ತಕ ಬರುತ್ತೆ ಅಂತ. ಪಕ್ಕದ ಟೈರ್ ಅಂಗಡಿಯವನು, "ನಿಮ್ಮಮ್ಮ ಬರೀತಾರಾ?" ಅಂತ ಮೂರು ಸಲ ಕೇಳಿದ. ಮೂರನೇ ಸಲಕ್ಕೆ ನನಗೆ ಸಿಟ್ಟು ಬಂತು.

ಒಂದು ಮಾತು. ಅವರು ಲಾಂಡ್ರಿ ಬಗ್ಗೆ ಬೇಕು ಅಂದರೆ ಬರೆದುಕೊಟ್ಟುಬಿಡು. ಮೊದಲು ಒಳಗೆ ಕಾಲಿಡು. ಹಡಗಿನ ಕಾದಂಬರಿ ಚೆನ್ನಾಗೇ ಇದೆ, ಅದೆಲ್ಲೂ ಓಡಿಹೋಗಲ್ಲ.

ಕೆಲಸಕ್ಕೆ ಲೇಟಾಯಿತು, ಹೊರಟೆ.
ಮಗ

*

ಫೆಬ್ರವರಿ 15

ಮಗನೇ,

ಇಲ್ಲಿ ಎಲ್ಲರೂ ಎಷ್ಟು ಒಳ್ಳೆಯವರು ಅಂದರೆ ನನಗೆ ಭಯವಾಗ್ತಿದೆ.

ವಾರಕ್ಕೆರಡು ಸಲ ದುಂಡಗೆ ಕೂತು ಬರೆದದ್ದನ್ನ ಓದ್ತೀವಿ. ಓದಿ ಮುಗಿಸಿದ್ದೇ ತಡ, "ಅದ್ಭುತ!" "ಎಂಥ ಸಹಜ ದನಿ!" ಮೊನ್ನೆ ಬೇಕಂತಲೇ ಒಂದು ಕಳಪೆ ಪುಟ ಓದಿದೆ. ಹೂವು ಅರಳಿತು, ಹಕ್ಕಿ ಹಾಡಿತು, ಅಂಥಾದ್ದು. ಅದಕ್ಕೂ ಅದ್ಭುತವೇ. "ಮುಗ್ಧತೆ ಇದೆ" ಅಂದರು. ಈ ವಯಸ್ಸಿನಲ್ಲಿ ನನಗೆ ಮುಗ್ಧತೆ!

ಒಬ್ಬರು ದೊಡ್ಡ ಲೇಖಕರು ಬಂದಿದ್ದರು. ಹಡಗಿನ ಕಾದಂಬರಿಯ ಮೊದಲ ಅಧ್ಯಾಯ ಓದಿದೆ: ಹನ್ನೊಂದು ಜನ ಊಟಕ್ಕೆ ಕೂತಿರೋದು, ನಿವೃತ್ತ ನ್ಯಾಯಾಧೀಶರ ಕುರ್ಚಿ ಮಾತ್ರ ಖಾಲಿ. ಅವರು, "ಹಡಗು ಯಾಕಮ್ಮಾ? ನೀವು ಹಡಗು ಹತ್ತಿದ್ದೀರಾ?" ಅಂದರು. ಇಲ್ಲ ಸಾರ್, ಆದರೆ ನಡುನೀರಲ್ಲಿ ಯಾರೂ ಇಳಿದು ಹೋಗೋಕಾಗಲ್ಲ, ಕೊಲೆಗಾರ ಎಲ್ಲರ ಜೊತೆ ಕೂತು ಉಣ್ತಾ ಇರಬೇಕು, ಅದಕ್ಕೇ ಹಡಗು ಅಂದೆ. ತಲೆಯಾಡಿಸಿದರು. "ನೀವು ಕಂಡ ಕಷ್ಟ ಬರೀರಿ. ಅದರಲ್ಲಿ ಸತ್ಯ ಇರುತ್ತೆ." ಅವರ ಹೆಸರು ಮಾಡಿದ ಪುಸ್ತಕ ಒಬ್ಬ ಮಹಾರಾಣಿಯ ಮೇಲೆ. ನೀವು ಯಾವ ಅರಮನೆಯಲ್ಲಿದ್ದಿರಿ ಸಾರ್ ಅಂತ ನಾಲಿಗೆ ತುದಿವರೆಗೆ ಬಂತು.

ನಿಮ್ಮಪ್ಪನ ಬಗ್ಗೆಯೂ ಕೇಳಿದರು. ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ತಿದ್ದರು ಅಂದೆ. ಎಲ್ಲರೂ ಮುಂದಕ್ಕೆ ಬಾಗಿದರು. "ಸಿಡೀತಾ?" ಇಲ್ಲ, ಅವರು ಇರೋವಾಗ ಸಿಡಿಯೋದುಂಟೇ ಅಂದೆ. "ಮತ್ತೆ ಹೇಗೆ ಹೋದರು?" ಭಾನುವಾರ ಮಧ್ಯಾಹ್ನ ಊಟ ಮಾಡಿ, ನನಗೆ ಪತ್ತೇದಾರಿ ಕಾದಂಬರಿ ಓದಿ ಹೇಳ್ತಾ ಹೇಳ್ತಾ ಮಲಗಿದರು, ಏಳಲಿಲ್ಲ ಅಂದೆ. ಅವರ ಮುಖ ನೋಡಬೇಕಿತ್ತು. ನಾನೇನೋ ಮೋಸ ಮಾಡಿದ ಹಾಗೆ.

ಪೇಂಟರ್ ಜಾಣ. ತನ್ನ ಕಥೆಯಲ್ಲಿ ಅಪ್ಪನನ್ನ ಕುಡುಕ ಮಾಡಿಟ್ಟಿದ್ದಾನೆ. ನಿಜವಾದ ಅಪ್ಪ ಚಹಾ ಕೂಡ ಮುಟ್ಟಲ್ಲವಂತೆ. "ಏನ್ಮಾಡ್ಲಿ ಅಕ್ಕಾ, ಕುಡಿಯದಿದ್ದರೆ ಇವರು ಪುಟ ತಿರುಗಿಸಲ್ಲ" ಅಂತಾನೆ.

ಇವತ್ತಿಗೆ ಇಷ್ಟು ಸಾಕು,
ಅಮ್ಮ

*

ಮಾರ್ಚ್ 3

ಅಮ್ಮಾ,

ಇದರ ಜೊತೆ ಪೇಪರ್ ಕತ್ತರಿಸಿ ಇಟ್ಟಿದ್ದೀನಿ. ನೀನು ನೋಡಿಲ್ಲದಿದ್ದರೆ ನೋಡು. ನೋಡಿದ್ದೂ ನನಗೆ ಹೇಳಿಲ್ಲವಾದರೆ ಅದನ್ನೂ ಹೇಳು.

ಫೋಟೋದಲ್ಲಿ ಕೊಳೆ ಬಟ್ಟೆ ರಾಶಿಯ ಮುಂದೆ ನಿನ್ನನ್ನ ನಿಲ್ಲಿಸಿದ್ದಾರೆ. ಮೇಲೆ ದೊಡ್ಡದಾಗಿ, 'ಬೀದಿದೀಪದಡಿ ಹುಟ್ಟಿದ ಬರಹಗಾರ್ತಿ'. ಒಳಗೆ, ಮನೆಯಲ್ಲಿ ಬೆಳಕಿಲ್ಲದೆ ಬೀದಿಗೆ ಬಂದು ಬರೀತಿದ್ದಳಂತೆ!

ಆ ಮನೆಗೆ ವೈರಿಂಗ್ ಮಾಡಿದವನು ನಾನು. ನನ್ನ ಅಂಗಡಿಯ ಬೋರ್ಡಿನ ಮೇಲೆ ಏನಿದೆ ಗೊತ್ತಲ್ಲ, 'ಎಲ್ಲಾ ತರಹದ ಎಲೆಕ್ಟ್ರಿಕಲ್ ಕೆಲಸ'. ಟೈರ್ ಅಂಗಡಿಯವನು ಪೇಪರ್ ಹಿಡಿದುಕೊಂಡೇ ಬಂದ. "ಹೆತ್ತ ತಾಯಿಗೆ ಒಂದು ಬಲ್ಬು ಹಾಕಿಕೊಡಲಿಲ್ಲವಾ?" ತಮಾಷೆಗೇ ಅಂದ. ಆದರೆ ಅಂಗಡಿಯಲ್ಲಿ ನಿಂತಿದ್ದ ಇಬ್ಬರು ತಮಾಷೆ ಅಂದುಕೊಳ್ಳಲಿಲ್ಲ. ಟೀಚರಮ್ಮನ ಅಪ್ಪ ಫೋನ್ ಮಾಡಿ, ಕಷ್ಟ ಇದ್ದರೆ ಮುಚ್ಚಿಡಬೇಡಿ ಅಂದರು.

ನನಗೆ ತಲೆ ಎತ್ತಿ ನಡೆಯೋ ಹಾಗಿಲ್ಲ.

ಮಗ

*

ಮಾರ್ಚ್ 8

ಮಗನೇ,

ನಿನ್ನ ಕಾಗದ ಬಂದ ಮೇಲೇ ಪೇಪರ್ ನೋಡಿದ್ದು. ಫೋಟೋ ಇಲ್ಲಿನ ಹೋಟೆಲೊಂದರ ಲಾಂಡ್ರಿಗೆ ಕರೆದುಕೊಂಡು ಹೋಗಿ ತೆಗೆದದ್ದು. ಒಗೆದು ಮಡಿಸಿಟ್ಟ ಕಡೆ ನಿಲ್ಲುತ್ತೀನಿ ಅಂದೆ. ಇಲ್ಲಮ್ಮ, ಈ ಕಡೆ ಬೆಳಕು ಚೆನ್ನಾಗಿದೆ ಅಂದರು. ನಿಂತೆ. ಅಲ್ಲಿ ನಿಲ್ಲಬಾರದಿತ್ತು.

ಬೀದಿದೀಪದ ಮಾತು ನಾನು ಆಡಿದ್ದು ಹೌದು, ಹೀಗಲ್ಲ. ಒಂದು ಸಲ ನಮ್ಮ ಮನೆಯ ಕರೆಂಟು ಮಾತ್ರ ಹೋದಾಗ ಬೀದಿದೀಪದ ಬೆಳಕಿಗೆ ಮೆಟ್ಟಿಲ ಮೇಲೆ ಕೂತು ಅಧ್ಯಾಯ ಮುಗಿಸಿದೆ ಅಂದಿದ್ದೆ. ಒಂದು ಸಂಜೆ ಅವರ ಕೈಯಲ್ಲಿ ಇಡೀ ಬದುಕಾಯಿತು. ಪ್ರಚಾರದವನ ಹತ್ತಿರ ಹೋಗಿ ತಿದ್ದಿ ಅಂದೆ. "ಓದುಗರ ಮನಸ್ಸಿಗೆ ತಟ್ಟಿದೆ ಅಮ್ಮಾ, ಈಗ ಯಾಕೆ?" ಅಂದ. ನನ್ನ ಮಗನಿಗೂ ತಟ್ಟಿದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಅದಕ್ಕೇ ನಿನ್ನೆ ಪ್ರಕಾಶನದವರ ಸಭೆಯಲ್ಲಿ, ನೂರಾರು ಜನರ ಮುಂದೆ, ಮೈಕ್ ಹಿಡಿದು ಹೇಳಿದೆ: "ಪೇಪರಿನಲ್ಲಿ ಬಂದದ್ದು ಸುಳ್ಳು. ನನ್ನ ಮಗ ಎಲೆಕ್ಟ್ರಿಷಿಯನ್. ನಮ್ಮ ಬಚ್ಚಲಲ್ಲೂ ಎರಡು ದೀಪ ಇದೆ."

ಜನ ನಕ್ಕರು. ಚಪ್ಪಾಳೆ ಹೊಡೆದರು. ಕೆಳಗಿಳಿದ ಮೇಲೆ ಒಬ್ಬಾಕೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಎಷ್ಟು ನೇರ, ಎಷ್ಟು ಮುದ್ದು ನಿಮ್ಮ ಮಾತು!" ಅಂದರು. ಸುಳ್ಳು ಅಂದರೂ ಮುದ್ದು. ಬೈದಿದ್ದರೂ ಮುದ್ದೇ ಆಗ್ತಿತ್ತೋ ಏನೋ.

ನೀನು ತಲೆ ತಗ್ಗಿಸೋದು ಬೇಡ. ತಗ್ಗಿಸಬೇಕಾದವರು ಬೇರೆ ಇದ್ದಾರೆ.

ಅಮ್ಮ

*

ಏಪ್ರಿಲ್ 2

ಮಗನೇ,

ನೀನು ಬರೆಯಲಿಲ್ಲ. ಫೋನಿನಲ್ಲಿ ಊಟ ಆಯ್ತಾ ಅಂದೆ, ಇಟ್ಟೆ. ಇರಲಿ, ನಾನು ಬರೀತೀನಿ.

ಒಂದು ವಿಷಯ ಹೊಳೆದಿದೆ. ನಾನು ಲಾಂಡ್ರಿಗೆ ಸೇರಿದ ಮೊದಲ ವಾರ, ನಮ್ಮ ಮೇಲ್ವಿಚಾರಕಿ ನಾನು ಮಡಿಸಿದ ಚಾದರದ ಕಟ್ಟನ್ನ ಬಿಚ್ಚಿ ನೆಲಕ್ಕೆ ಎಸೆದಿದ್ದಳು. "ಕಲೆ ಕಣ್ಣಿಗೆ ಕಾಣಲ್ವಾ? ಮತ್ತೆ ಹಾಕು." ಅವತ್ತು ಅತ್ತೆ. ಆದರೆ ಅವಳು ನನ್ನನ್ನ ಕೆಲಸಗಾತಿ ಅಂತ ಎಣಿಸಿದ್ದಳು. ಇಲ್ಲಿ ಮೂರು ತಿಂಗಳಾಯಿತು, ನನ್ನ ಒಂದೇ ಒಂದು ಸಾಲನ್ನ ಯಾರೂ ಹೊಡೆದು ಹಾಕಿಲ್ಲ. ಚಿಕ್ಕ ಮಗು ಗೋಡೆ ಮೇಲೆ ಗೀಚಿದರೆ ಚಪ್ಪಾಳೆ ತಟ್ಟೋ ಹಾಗೆ ತಟ್ಟುತ್ತಾರೆ.

ಸಂಪಾದಕಿಯ ಕೋಣೆಗೆ ಹೋಗಿ ಕಾದಂಬರಿಯನ್ನ ಮೇಜಿನ ಮೇಲಿಟ್ಟೆ. "ಇದನ್ನ ಪೂರ್ತಿ ಓದಿ. ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಅನ್ನಿ. ಲಾಂಡ್ರಿಯವಳು ಅನ್ನೋದನ್ನ ಮರೆತು ಬೈಯಿರಿ" ಅಂದೆ. ಅವಳ ಮುಖ ಕೆಂಪಾಯಿತು. ಹಸ್ತಪ್ರತಿಯನ್ನ ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, ಆಯ್ತು ಅಂದಳು.

ಇನ್ನು ನಿನ್ನ ಸರದಿ. ಚೆನ್ನಾಗೇ ಇದೆ ಅಂತ ನೀನೂ ಬರೆದೆ. ನೀನು ಓದಿಲ್ಲ. ನಿನಗೆ ಕೊಟ್ಟ ಪ್ರತಿಯಲ್ಲಿ ನಡುವಿನ ಒಂದು ಅಧ್ಯಾಯವೇ ತಪ್ಪಿಹೋಗಿತ್ತು, ಅದು ನನ್ನ ಹತ್ತಿರವೇ ಉಳಿದಿದೆ. ಓದಿದ್ದರೆ ಕೇಳ್ತಿದ್ದೆ. ಬೈತಿಲ್ಲ. ಆದರೆ ನಿನ್ನ ಚೆನ್ನಾಗಿದೆಗೂ ಇವರ ಅದ್ಭುತಕ್ಕೂ ಏನು ವ್ಯತ್ಯಾಸ, ನೀನೇ ಯೋಚಿಸು. ಅಧ್ಯಾಯವನ್ನ ಈ ಲಕೋಟೆಯಲ್ಲೇ ಇಟ್ಟಿದ್ದೀನಿ.

ಅಮ್ಮ

*

ಏಪ್ರಿಲ್ 19

ಅಮ್ಮಾ,

ಓದಿದೆ. ಅಂಗಡಿಯಲ್ಲಿ ಕೂತು, ಗಿರಾಕಿ ಬಂದರೆ ಮೇಜಿನಡಿಗೆ ತಳ್ಳಿ, ಹೋದ ಮೇಲೆ ತೆಗೆದು.

ಮೊದಲು ಒಳ್ಳೇದು ಹೇಳ್ತೀನಿ. ಕಂಡುಹಿಡಿಯೋ ಕೆಲಸ ಆ ಮುದಿ ಸಂಗೀತ ಮೇಷ್ಟ್ರಿಗೆ ಕೊಟ್ಟಿದ್ದೀಯಲ್ಲ, ಅದು ಬಹಳ ಚೆಂದ. ಕಿವಿಯಿಂದಲೇ ಸುಳ್ಳು ಹಿಡೀತಾರೆ.

ಈಗ ಕೆಟ್ಟದ್ದು. ಎಂಟನೇ ಅಧ್ಯಾಯದಲ್ಲಿ ಐದು ಪುಟ ಬರೀ ಊಟದ ವರ್ಣನೆ. ಹೆಣ ಬಿದ್ದಿರೋವಾಗ ಯಾರಮ್ಮ ಅಷ್ಟು ತಿಂತಾರೆ? ನ್ಯಾಯಾಧೀಶರ ಮಗಳು ಅಳೋದು ಜಾಸ್ತಿಯಾಯಿತು. ಅವರ ಕಾರ್ಯದರ್ಶಿಯ ಮೇಲೆ ನನಗೆ ಅರ್ಧಕ್ಕೇ ಅನುಮಾನ ಬಂತು, ಅವನು ಬೇಡವಾದಷ್ಟು ವಿನಯ ತೋರಿಸ್ತಾನೆ. ಮತ್ತೆ ಆ ಹಡಗಿನ ಕಾವಲುಗಾರ, ಯಾರ ಕೋಣೆಗೆ ಹೋದರೂ 'ಬಿಲ್ಲು ನಿಮ್ಮಪ್ಪ ಕಟ್ತಾನಾ' ಅಂತ ಗೊಣಗಿ ದೀಪ ಆರಿಸೋನು, ಅದು ನಾನು ಅಲ್ಲವಾ? ಟೀಚರಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಸರಿ, ಒಂದು ಸಲ ಬಂತು.

ಟೈರ್ ಅಂಗಡಿಯವನಿಗೆ ನಿನ್ನ ಬಚ್ಚಲ ಮಾತು ಹೇಳಿದೆ. ಈಗ ಅವನೇ ಗಿರಾಕಿಗಳಿಗೆ ಹೇಳ್ತಿದ್ದಾನೆ.

ಮಗ

*

ಮೇ 11

ಮಗನೇ,

ನಿನ್ನ ಕಾಗದವನ್ನ ಗೋಡೆಗೆ ಅಂಟಿಸಿದ್ದೀನಿ. ಊಟದ ಐದು ಪುಟ ತೆಗೆದುಹಾಕಿದೆ. ಮಗಳ ಕಣ್ಣೀರನ್ನೂ ಒರೆಸಿದೆ. ಕಾವಲುಗಾರ ಇರ್ತಾನೆ.

ಸಂಪಾದಕಿಯೂ ಓದಿ ಮುಗಿಸಿದಳು. ಹಸ್ತಪ್ರತಿ ವಾಪಸ್ಸು ಬಂದಾಗ ಅದರ ಮೇಲೆ ಎಷ್ಟು ಕೆಂಪು ಅಂದರೆ, ಪೇಂಟರ್ ನೋಡಿ ಹೌಹಾರಿದ. ಸಾಲಿಗೆ ಸಾಲೇ ಹೊಡೆದಿದ್ದಾಳೆ. ಒಂದು ಕಡೆ, 'ಇದು ಸೋಮಾರಿತನ', ಇನ್ನೊಂದು ಕಡೆ, 'ನಿಮಗೆ ಇದಕ್ಕಿಂತ ಚೆನ್ನಾಗಿ ಬರುತ್ತೆ'. ಕೊಲೆಗಾರನನ್ನ ಅವಳೂ ಅರ್ಧಕ್ಕೇ ಹಿಡಿದಳು. ಮೊದಲ ದಿನ ಸಿಟ್ಟು ಬಂದು ಅನ್ನ ಸೇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಕೂತವಳು ಮಧ್ಯಾಹ್ನದವರೆಗೆ ಏಳಲಿಲ್ಲ.

ಆಮೇಲೆ ಅವಳ ಜೊತೆ ಮಾತಾಡಿದೆ. ಇಂಥ ಯೋಜನೆಗಳೇ ಇರಬಾರದು, ನಮ್ಮನ್ನ ಪ್ರದರ್ಶನಕ್ಕಿಡ್ತೀರಿ ಅಂತ ನಾನು ಶುರು ಮಾಡಿದೆ. ಅವಳು, "ನಮ್ಮಪ್ಪ ಲಿಫ್ಟ್ ಆಪರೇಟರ್. ನಾನೂ ಇಂಥದೇ ಒಂದು ಯೋಜನೆಯಲ್ಲಿ ಟ್ರೈನಿಯಾಗಿ ಸೇರಿದವಳು. ಅದಿಲ್ಲದಿದ್ದರೆ ಈ ಕುರ್ಚಿಯಲ್ಲಿ ಇನ್ಯಾರೋ ಇರ್ತಿದ್ದರು, ನಿಮ್ಮ ಅರ್ಜಿ ತೆರೀತಾನೂ ಇರಲಿಲ್ಲ" ಅಂದಳು. ಅದು ನನಗೆ ಹೊಳೆದಿರಲಿಲ್ಲ. ಲೋಟಗಳಿಗೆ ಚಹಾ ಹಾಕ್ತಾ ಅವಳೇ ಹೇಳಿದಳು: "ಆದರೆ ಸೇರಿದಾಗಿನಿಂದ ನನಗೆ ಕೊಡೋದು ಬಡವರ ಕಷ್ಟದ ಪುಸ್ತಕಗಳನ್ನೇ. ನಿನಗೆ ಅರ್ಥವಾಗುತ್ತೆ ಅಂತಾರೆ. ನನಗೆ ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ; ನಿನಗೇನಿಷ್ಟ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ." ಇಬ್ಬರೂ ಚಹಾ ಕುಡಿದೆವು.

ಆದರೆ ಅವಳ ಮೇಲಿನ ಮುಖ್ಯಸ್ಥರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ. ಈ ಯೋಜನೆಯಲ್ಲಿ ಬರೋದು ಬದುಕಿನ ಬರಹ ಮಾತ್ರ. ಲಾಂಡ್ರಿ ಪುಸ್ತಕ ಬರೆದುಕೊಟ್ಟರೆ ಖಂಡಿತ ಅಚ್ಚಾಗುತ್ತೆ. ಹಡಗು ಬೇಕಿದ್ದರೆ ಎಲ್ಲರ ಹಾಗೆ ಸರದಿಯಲ್ಲಿ ಕಳಿಸಬೇಕು, ಆಗುತ್ತೋ ಇಲ್ಲವೋ ಯಾರೂ ಮಾತು ಕೊಡಲ್ಲ. ತಿಂಗಳ ಕೊನೆಗೆ ಉತ್ತರ ಬೇಕಂತೆ. ನೀನೇನಂತೀಯ?

ಅಮ್ಮ

*

ಮೇ 18

ಅಮ್ಮಾ,

ಲಾಂಡ್ರಿ ಪುಸ್ತಕ ಬರಿ. ಕನಿಕರಕ್ಕೆ ಕೊಟ್ಟರೋ ಮರ್ಯಾದೆಗೆ ಕೊಟ್ಟರೋ, ಪುಸ್ತಕ ಪುಸ್ತಕವೇ. ದೊಡ್ಡ ಮನೆಯವರ ಮಕ್ಕಳು ಅವರಪ್ಪನ ಪರಿಚಯದಿಂದ ಒಳಗೆ ಹೋಗ್ತಾರೆ, ಅವರಿಗೇನು ನಾಚಿಕೆ ಆಗುತ್ತಾ? ನೀನು ಯಾಕೆ ಮಡಿ ಮಾಡ್ತೀಯ? ನೀನು ಲಾಂಡ್ರಿಯಲ್ಲಿ ದುಡಿದದ್ದು ಸುಳ್ಳಂತೂ ಅಲ್ಲ.

ಟೀಚರಮ್ಮ ಇದಕ್ಕೆ ಒಪ್ಪಲ್ಲ. ಅತ್ತೆಗೆ ಯಾವುದು ಬರೆಯುವಾಗ ಹಸಿವು ಮರೆಯುತ್ತೋ ಅದನ್ನೇ ಬರೀಲಿ ಅಂತಾಳೆ. ನಿನ್ನೆಯಿಂದ ನಮ್ಮಿಬ್ಬರಿಗೂ ಮಾತಿಲ್ಲ, ಉಪ್ಪು ಬೇಕಿದ್ದರೂ ಕೈಸನ್ನೆ.

ನೀನು ಏನು ಮಾಡಿದರೂ ಸರಿ. ಆದರೆ ನನ್ನ ಮನಸ್ಸಿನಲ್ಲಿ ಇರೋದನ್ನ ಹೇಳಿದ್ದೀನಿ.

ಮಗ

*

ಜುಲೈ 6

ಮಗನೇ,

ಮನೆಗೆ ಬಂದೆ. ಸೋಮವಾರದಿಂದ ಲಾಂಡ್ರಿಗೂ ಹೋಗ್ತಿದ್ದೀನಿ. ನನ್ನ ಜಾಗದಲ್ಲಿದ್ದವಳು ಇಸ್ತ್ರಿ ರೋಲರಿನ ಬಟ್ಟೆ ಹಾಳು ಮಾಡಿಟ್ಟಿದ್ದಾಳೆ. ಎರಡು ದಿನ ಬೈದೆ, ಮೂರನೇ ದಿನ ಸರಿಹೋಯಿತು.

ಬೇಡ ಅಂದು ಬಂದೆ. ನಿನ್ನ ಮಾತು ಸುಳ್ಳಲ್ಲ; ಅದನ್ನ ಓದಿ ಎರಡು ದಿನ ಅತ್ತಿತ್ತ ತೂಗಾಡಿದೆ. ಲಾಂಡ್ರಿ ಪುಸ್ತಕದ ಮೂವತ್ತು ಪುಟ ಬರೆದೂ ನೋಡಿದೆ. ಕೆಟ್ಟದಾಗೇನೂ ಬರಲಿಲ್ಲ. ಆದರೆ ಪ್ರತಿ ಪುಟದಲ್ಲೂ ಅವರ ಮುಖ ಕಣ್ಣ ಮುಂದೆ ಬರ್ತಿತ್ತು, ಈಗ ಸಿಡಿಯುತ್ತಾ, ಈಗ ಸಿಡಿಯುತ್ತಾ ಅಂತ ಕಾಯೋ ಮುಖ. ನನಗೆ ಗೊತ್ತಿಲ್ಲದ ಹಾಗೇ ನಿಮ್ಮಪ್ಪನಿಗೆ ಒಂದು ಕೆಮ್ಮು ಬರೆದುಬಿಟ್ಟಿದ್ದೆ. ಅವರಿಗೆ ಕೆಮ್ಮೇ ಇರಲಿಲ್ಲ ಕಣೋ. ಅವತ್ತು ಪೆನ್ನು ಕೆಳಗಿಟ್ಟೆ. ಎಂದಾದರೂ ಬರೀತೀನೇನೋ, ಯಾರೂ ಕಾಯದೆ ಇರೋವಾಗ.

ಪೇಂಟರ್‌ನ ಪುಸ್ತಕ ಬಂತು, ಭರ್ಜರಿಯಾಗಿ ಮಾರಾಟವಾಗ್ತಿದೆ. ಬಿಡುಗಡೆಗೆ ಅವರಪ್ಪ ಬಂದಿದ್ದರು. ಜನ ಒಬ್ಬೊಬ್ಬರೇ ಹೋಗಿ ಭುಜ ಮುಟ್ಟಿ, "ಈಗ ಬಿಟ್ಟಿದ್ದೀರಲ್ಲ, ದೊಡ್ಡದು" ಅಂದರಂತೆ. ಪಾಪ, ಆ ಮನುಷ್ಯನಿಗೆ ಏನು ಬಿಟ್ಟಿದ್ದು ಅಂತಲೇ ತಿಳಿಯಲಿಲ್ಲ. ಈಗ ತಿಳಿದಿದೆ. ಅಪ್ಪ ಮಗ ಮಾತಾಡ್ತಿಲ್ಲವಂತೆ. ಪೇಂಟರ್ ನನಗೆ ಫೋನ್ ಮಾಡಿ ಅತ್ತ. ನಾನು ಅವನನ್ನ ತಪ್ಪು ಅನ್ನಲಾರೆ, ಅವನಿಗೆ ಆ ಪುಸ್ತಕದಿಂದಲೇ ಮುಂದಿನ ಪುಸ್ತಕಕ್ಕೆ ದಾರಿಯಾಗಿದೆ.

ಹಡಗನ್ನ ಸಂಪಾದಕಿಯ ಗುರುತಿನ ಇನ್ನೊಂದು ಸಣ್ಣ ಪ್ರಕಾಶನಕ್ಕೆ ಕಳಿಸಿದ್ದೀನಿ. ನನ್ನ ಬಗ್ಗೆ ಏನೂ ಬರೆಯಲಿಲ್ಲ, ಹೆಸರು ವಿಳಾಸ ಅಷ್ಟೇ. ಟೀಚರಮ್ಮನ ಜೊತೆ ಮಾತಾಡು.

ಅಮ್ಮ

*

ಅಕ್ಟೋಬರ್ 24

ಮಗನೇ,

ತಿರುಗಿ ಬಂತು. ಕೊನೆ ಮೂರು ಅಧ್ಯಾಯ ಕುಸಿದಿದೆಯಂತೆ, ಕೊಲೆಗೆ ಕಾರಣ ಸಾಲದಂತೆ. ಒಂದೂವರೆ ಪುಟ ಬರೆದಿದ್ದಾರೆ. 'ತಿದ್ದಿದರೆ ಮತ್ತೆ ನೋಡುತ್ತೇವೆ' ಅಂತ ಕೊನೆಗೆ. 'ಅಮ್ಮಾ' ಇಲ್ಲ, 'ಅದ್ಭುತ' ಇಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿ ಒಪ್ಪಿಬಿಟ್ಟರು ಅಂದುಕೊಂಡಳು.

ತಿದ್ದೋಕೆ ಕೂತಿದ್ದೀನಿ. ಫೋನ್ ಮಾಡಬೇಡ.

ಅಮ್ಮ

*

ಮುಂದಿನ ವರ್ಷ, ಆಗಸ್ಟ್ 12

ಮಗನೇ,

ಇದರ ಜೊತೆ ಬಂದಿರೋ ಕಟ್ಟನ್ನ ಜೋಪಾನವಾಗಿ ಬಿಚ್ಚು. 'ಹಡಗಿನಲ್ಲಿ ಹನ್ನೊಂದು ಜನ'. ನನಗೆ ಕೊಟ್ಟ ಪ್ರತಿಗಳಲ್ಲಿ ಒಂದು ನಿಮ್ಮಿಬ್ಬರಿಗೆ.

ಹಿಂದಿನ ಹೊದಿಕೆಗೆ ಲೇಖಕಿಯ ಬಗ್ಗೆ ಎರಡು ಸಾಲು ಬೇಕು ಅಂತ ಕೇಳಿದ್ದರು. ಬಹಳ ಯೋಚಿಸಿದೆ. ಲಾಂಡ್ರಿ ಅಂತ ಹಾಕಿದರೆ ಮತ್ತೆ ಅದೇ ಕಥೆ ಅನ್ನಿಸಿತು. ಹಾಕದಿದ್ದರೆ ನನ್ನ ಜೊತೆ ದುಡಿಯೋ ಹೆಂಗಸರ ಮುಂದೆ ನಾನು ಮುಖ ಮರೆಸಿಕೊಂಡ ಹಾಗೆ. ಕೊನೆಗೆ, 'ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಈಗ ಎರಡನೇ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದಾರೆ' ಅಂತ ಬರೆದುಕೊಟ್ಟೆ. ಹಾಗೇ ಅಚ್ಚು ಹಾಕಿದ್ದಾರೆ, ಒಂದಕ್ಷರ ಸೇರಿಸಿಲ್ಲ.

ಓದಿ ಬರಿ. ಬೈಯೋದಿದ್ದರೆ ಮೊದಲು ಅದನ್ನೇ ಬರಿ.

ಅಮ್ಮ

*

ಆಗಸ್ಟ್ 21

ಅಮ್ಮಾ,

ಸಿಟ್ಟಾಗಬೇಡ. ಪುಸ್ತಕ ಎರಡು ತುಂಡಾಗಿದೆ.

ಕಟ್ಟು ಬಂದ ದಿನ ಟೀಚರಮ್ಮ ಮೊದಲು ಕೈ ಹಾಕಿದಳು. ನಾನು ಅಂಗಡಿಗೆ ಹೋದಾಗ ಅವಳು ಓದೋದು, ಅವಳು ಶಾಲೆಗೆ ಹೋದಾಗ ನಾನು ಓದೋದು ಅಂತ ಒಪ್ಪಂದವಾಯಿತು. ಮಾರನೇ ದಿನ ಪುಸ್ತಕವನ್ನ ಬ್ಯಾಗಿನಲ್ಲಿಟ್ಟುಕೊಂಡು ಶಾಲೆಗೆ ಒಯ್ದುಬಿಟ್ಟಳು. ನಾನು ಅಂಗಡಿಗೆ ಬಾಗಿಲು ಹಾಕಿ ಶಾಲೆಯ ಗೇಟಿಗೆ ಹೋಗಿ ನಿಂತೆ. ಅಲ್ಲೇ ಜಗಳ. ನೀನು ಕೊಡು, ನಾನು ಕೊಡಲ್ಲ. ಕೊನೆಗೆ ಅವಳೇ ಹೊಲಿಗೆಯ ಹತ್ತಿರ ಹಿಡಿದು ಪರ್‍ರನೆ ಸೀಳಿ, ಅವಳು ಇನ್ನೂ ಮುಟ್ಟದ ಹಿಂದಿನ ಅರ್ಧವನ್ನ ನನ್ನ ಕೈಗೆ ತುರುಕಿ ಕ್ಲಾಸಿಗೆ ಹೋದಳು.

ಮೊದಲರ್ಧ ಗೊತ್ತಿಲ್ಲದೇ ಹಿಂದಿನ ಅರ್ಧ ಓದಿದೆ. ಈ ಸಲ ಕಾರ್ಯದರ್ಶಿ ಅಲ್ಲ! ನಾನು ಕನಸಲ್ಲೂ ಎಣಿಸಿರಲಿಲ್ಲ. ಕೂಗಿಬಿಟ್ಟೆ, ಟೈರ್ ಅಂಗಡಿಯವನು ಶಾಕ್ ಹೊಡೀತು ಅಂತ ಓಡಿಬಂದ. ಹೆಸರು ಬಾಯಿಬಿಟ್ಟರೆ ತವರಿಗೆ ಹೋಗ್ತೀನಿ ಅಂದಿದ್ದಾಳೆ ಟೀಚರಮ್ಮ. ಎರಡು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಓಡಾಡ್ತಿದ್ದೀನಿ. ಈಗ ಅವಳು ಅಡುಗೆಮನೆಯಲ್ಲಿ ನಿಂತೇ ಓದ್ತಿದ್ದಾಳೆ, ಒಲೆ ಮೇಲೆ ಏನೋ ಸೀದ ವಾಸನೆ.

ಬೈಯೋದು ಒಂದೇ: ಸಂಗೀತ ಮೇಷ್ಟ್ರಿಗೆ ಆ ಕೊನೆಯ ಭಾಷಣ ಉದ್ದವಾಯಿತು.

ಇನ್ನೊಂದು ಪ್ರತಿ ಕಳಿಸಬೇಡ. ಕೊಂಡುಕೊಳ್ತೀವಿ.

ಮಗ